ಬಾಬು ಮೇಸ್ತ್ರಿಯ ಹರಳೆಣ್ಣೆ

ಬ್ರೇಕ್ ಒತ್ತಿದೆ. ಕಾಲು ನೆಲ ಮುಟ್ಟಿತು. ಕಾರು ನಿಲ್ಲಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ, ಬಿಟ್ಟಂಗಾಲದ ಇಳಿಜಾರು. ಪಕ್ಕದಲ್ಲಿ ನನ್ನ ಹೆಂಡತಿ ಸೀತಮ್ಮ, ಮಡಿಲಲ್ಲಿ ಕಿತ್ತಳೆ ಬುಟ್ಟಿ. ಎದುರಿನ ತಿರುವಿನಲ್ಲಿ ಒಂದು ಎತ್ತಿನ ಗಾಡಿ, ಗಾಡಿಯಲ್ಲಿ ಆರೇಳು ಹೆಂಗಸರು. ಮತ್ತೆ ಒತ್ತಿದೆ. ಮತ್ತೆ ನೆಲ. ಕೈಬ್ರೇಕ್ ಎಳೆದೆ. ಅದು ಕಿರ್ರೆಂದು ಅಳಲು ಶುರುಮಾಡಿತು, ಅಷ್ಟೇ.

ಸೀತಮ್ಮ ಕಣ್ಣು ಮುಚ್ಚಿಕೊಂಡಳು. ನಾನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ. ಎಡಗಡೆ ಎಸ್ಟೇಟಿನವರು ಗುಡ್ಡೆ ಹಾಕಿದ್ದ ಸಗಣಿ ಗೊಬ್ಬರ ಇತ್ತು. ಕಾರು ಮುಂದಿನ ದೀಪಗಳ ತನಕ ಅದರೊಳಗೆ ಹೋಗಿ ಕೂತಿತು. ಕಿತ್ತಳೆಗಳು ರಸ್ತೆ ತುಂಬ ಉರುಳಿದವು.

ಗಾಡಿಯವನು ಹಗ್ಗ ಹಿಡಿದುಕೊಂಡೇ ಎದ್ದು ನಿಂತು ಬೈದ. "ಏನ್ ಸಾಮೀ, ಕಣ್ಣಿಲ್ವಾ? ಹೆಂಗಸ್ರು ಮಕ್ಕಳು ಇರೋದು ಕಾಣಲ್ವಾ?"

ಕಣ್ಣಿತ್ತು. ಬ್ರೇಕ್ ಇರಲಿಲ್ಲ. ಆದರೆ ಅದನ್ನು ಅವನಿಗೆ ಹೇಳುವ ಮುಖ ನನಗಿರಲಿಲ್ಲ.

ನಗುತ್ತಿದ್ದೀರಾ? ನಗಿ. ನಿಮ್ಮನ್ನು ನಗಿಸುವುದಕ್ಕೇ ಈ ಪತ್ರಿಕೆಯವರು ನನಗೆ ವಾರಕ್ಕೊಂದು ಪುಟ ಕೊಟ್ಟಿರುವುದು. ಆದರೆ ಇವತ್ತು ನಾನು ಬರೆಯಲು ಕೂತಿರುವುದು ನಗಿಸಲಿಕ್ಕಲ್ಲ. ಮೂರು ವಾರದ ಹಿಂದೆ ನಗಿಸಿದ್ದೆನಲ್ಲ, ಆ ನಗುವಿನ ಬಗ್ಗೆ.

ಹೊಸಬರಿಗಾಗಿ ನನ್ನ ಪರಿಚಯ. ಕೊಡಗಿನಲ್ಲಿ ರೈಟರ್ ಅಂದರೆ ಎಸ್ಟೇಟಿನ ಗುಮಾಸ್ತ. ಆಳುಗಳ ಹಾಜರಿ ಬರೆಯುವವನು, ಸ್ಟೋರಿನ ಬೀಗದ ಕೈ ಇಟ್ಟುಕೊಂಡವನು, ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಯಾರಿಗಾದರೂ ಹೊಟ್ಟೆನೋವು ಬಂದರೆ ಡಿಸ್ಪೆನ್ಸರಿ ಬಾಟಲಿಯಿಂದ ಹರಳೆಣ್ಣೆ ಕುಡಿಸುವವನು. ಆ ಕೆಲಸ ಹಗಲು. ಸಂಜೆ ಈ ಅಂಕಣ. ಹೀಗೆ ನಾನು ಎರಡು ಅರ್ಥದಲ್ಲೂ ರೈಟರ್. (ಎರಡರಲ್ಲಿ ಯಾವುದರಲ್ಲಿ ಹೆಚ್ಚು ಕೆಟ್ಟವನು ಅನ್ನುವುದನ್ನು ಕೊನೆಗೆ ನೀವೇ ಹೇಳಿ.)

ಕಾರಿನ ಕಥೆ ನಿಮಗೆ ಗೊತ್ತು. ನಮ್ಮ ಎಸ್ಟೇಟಿನ ಹಿಂದಿನ ಬಿಳಿ ದೊರೆ ತಮ್ಮ ಇಂಗ್ಲೆಂಡ್ ಸೀಮೆಗೆ ಹೊರಡುವಾಗ ಅವರ ಹಳೆಯ ಟೂರರ್ ಕಾರನ್ನು ನನಗೆ ಬಿಟ್ಟು ಹೋದರು. "ರೈಟರ್, ಇವಳನ್ನು ಚೆನ್ನಾಗಿ ನೋಡಿಕೋ" ಅಂದರು. ನೋಡಿಕೊಂಡೆ. ಹೆಂಡತಿಯನ್ನು ಅಷ್ಟು ನೋಡಿಕೊಂಡಿದ್ದರೆ ಸ್ವರ್ಗದಲ್ಲಿ ಒಂದು ಕುರ್ಚಿ ಸಿಗುತ್ತಿತ್ತು. (ಇದು ಸೀತಮ್ಮನ ಮಾತು, ನನ್ನದಲ್ಲ.) ಮನೆ ಹಿಂದಿನ ಹಳೇ ಕಾಫಿ ಗೋದಾಮೇ ನನ್ನ ಗ್ಯಾರೇಜ್. ಕಾರ್ಬೈಡ್ ದೀಪ ಕಿತ್ತು ಕರೆಂಟಿನ ದೀಪ ಹಾಕಿದೆ. ಮೇಲಿನ ಹರಿದ ಬಟ್ಟೆ ಹುಡ್ ತೆಗೆದು ಕಾಫಿ ಒಣಗಿಸುವ ಕಣದ ಟಾರ್ಪಾಲಿನಲ್ಲಿ ಹೊಸದು ಮಾಡಿಸಿದೆ. ಹೊಲಿದವಳು ಸೀತಮ್ಮ, ಹೊಗಳಿಸಿಕೊಂಡವನು ನಾನು.

ಉಳಿದದ್ದು ಬ್ರೇಕ್. ಹಳೆಯ ಬ್ರೇಕ್ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಕಂಬಿ ಎಳೆದರೆ ಹಿಡಿಯಬೇಕು, ಮನಸ್ಸಿದ್ದರೆ ಹಿಡಿಯುತ್ತಿತ್ತು. ನಮ್ಮ ಘಾಟಿ ರಸ್ತೆಗಳಲ್ಲಿ ಇದು ಸಾಕೇ?

ಆಗ ಬಂದವರು ಬಾಬು ಮೇಸ್ತ್ರಿ. ಪುತ್ತೂರು ಕಡೆಯವರು, ವಿರಾಜಪೇಟೆಯಲ್ಲಿ ಹಲಸಿನ ಮರದ ಕೆಳಗೆ ರಿಪೇರಿ ಮಾಡುವ ಫಿಟ್ಟರ್. ಹೆಗಲ ಮೇಲೆ ಯಾವಾಗಲೂ ಒಂದು ಹಸಿರು ಬೈರಾಸು, ಅವರ ಕಡೆಯ ಟವಲು. ಮಾತು ಕಡಿಮೆ. ಸಿದ್ದಾಪುರದ ಹತ್ತಿರ ನನ್ನ ಕಾರಿನ ಕಂಪನಿಯದೇ ಹೊಸ ಕಾರೊಂದು ಕಮರಿಗೆ ಬಿದ್ದು ಜಖಂ ಆಗಿತ್ತು. ಅದನ್ನು ನೋಡಿ ಬಂದವರೇ, "ರೈಟ್ರೆ, ಅದ್ರಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಉಂಟು. ಎಣ್ಣೆ ಬ್ರೇಕ್. ಬಿಚ್ಚಿ ತಂದ್ರೆ ಇದಕ್ಕೆ ಕೂಡಿಸ್ಬಹುದು" ಅಂದರು.

ಎಣ್ಣೆ ಬ್ರೇಕ್ ಅಂದರೆ ಹೀಗೆ. ಕಾಲಿನಲ್ಲಿ ಒತ್ತಿದರೆ ಒಂದು ಕೊಳವೆಯೊಳಗಿನ ಎಣ್ಣೆ ನಾಲ್ಕು ಕಡೆ ಓಡಿ ನಾಲ್ಕು ಚಕ್ರವನ್ನೂ ಹಿಡಿಯುತ್ತದೆ. ಎಣ್ಣೆ ಹಿಂದಕ್ಕೆ ಸೋರದ ಹಾಗೆ ಒಳಗೆ ಸಣ್ಣ ಸಣ್ಣ ರಬ್ಬರ್ ಬಟ್ಟಲುಗಳಿರುತ್ತವೆ. ಅದನ್ನೆಲ್ಲ ಬಿಚ್ಚಿ ತಂದು ಮೂರು ಭಾನುವಾರ ಬಾಬು ಮೇಸ್ತ್ರಿ ಕಾರಿನ ಕೆಳಗೆ ಮಲಗಿ ಕೆಲಸ ಮಾಡಿದರು. ನಾನು ಸ್ಪ್ಯಾನರ್ ಕೊಡುತ್ತಾ ಸಲಹೆಯನ್ನೂ ಕೊಟ್ಟೆ. ಸ್ಪ್ಯಾನರ್ ಮಾತ್ರ ತೆಗೆದುಕೊಂಡರು.

ಮೂರನೆಯ ಭಾನುವಾರ ಸಂಜೆ ಕೈ ಒರೆಸಿಕೊಳ್ಳುತ್ತಾ ಹೇಳಿದರು. "ಎಲ್ಲ ಆಯ್ತು. ಇನ್ನು ಎಣ್ಣೆ ತುಂಬ್ಸುದು ಮಾತ್ರ. ಒಂದು ಬಾಟ್ಲಿ ಹರಳೆಣ್ಣೆ, ಒಂದು ಬಾಟ್ಲಿ ಸ್ಪಿರಿಟ್ ತೆಗ್ದಿಡಿ. ಬರುವ ವಾರ ಬಂದು ನಾನೇ ತುಂಬಿಸ್ತೇನೆ."

"ಹರಳೆಣ್ಣೆಯಾ?"

"ಹೌದು. ಬೇರೆ ಎಂತದ್ದೂ ಹಾಕ್ಲಿಕ್ಕಿಲ್ಲ. ರಬ್ಬರ್ ಹಾಳಾಗ್ತದೆ."

"ಸ್ಪಿರಿಟ್ ಯಾಕೆ?"

"ಹರಳೆಣ್ಣೆ ಒಂದೇ ಹಾಕಿದ್ರೆ ಇಲ್ಲಿಯ ಚಳಿಗೆ ದಪ್ಪ ಆಗ್ತದೆ ಮಾರಾಯ್ರೆ. ಸಣ್ಣ ಪೈಪಲ್ಲಿ ಓಡುದಿಲ್ಲ. ತೆಳು ಮಾಡ್ಲಿಕ್ಕೆ ಸ್ಪಿರಿಟ್."

ಈ ಉತ್ತರವನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡಿದ್ದೆ. ಅದೇ ನನ್ನ ಪಾಪ.

ಅವರು ಹೋದ ಮೇಲೆ ನಾನು ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದೆ. ಎಣ್ಣೆಯ ಅಧ್ಯಾಯ ನೋಡಿದೆ. ಗಿಡದಿಂದ ತೆಗೆದ ಎಣ್ಣೆ ಯಾವುದನ್ನೂ ಹಾಕಕೂಡದು, ನೆಲದಿಂದ ತೆಗೆದ ಒಳ್ಳೆಯ ಮಿನರಲ್ ಎಣ್ಣೆಯನ್ನೇ ಹಾಕತಕ್ಕದ್ದು ಅಂತ ಅಚ್ಚಾಗಿತ್ತು. ನನಗೆ ಇಷ್ಟು ಸಾಕಾಯಿತು. ಇಂಗ್ಲಿಷಿನಲ್ಲಿದೆ, ಅಚ್ಚಿನಲ್ಲಿದೆ, ಇನ್ನೇನು ಬೇಕು?

ಒಂದು ಸಂಗತಿ ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಪುಸ್ತಕ ಹಳೆಯ ಕಾರಿನದು. ಬ್ರೇಕ್ ಹೊಸ ಕಾರಿನದು. ಆ ಅಧ್ಯಾಯ ಇದ್ದದ್ದು ಇಂಜಿನ್ ಬಗ್ಗೆ. ಎಣ್ಣೆ ಬ್ರೇಕ್ ಅನ್ನುವುದು ಆ ಪುಸ್ತಕ ಬರೆದವನಿಗೇ ಗೊತ್ತಿರಲಿಲ್ಲ!

ಸೀತಮ್ಮ ಅಷ್ಟರಲ್ಲಿ ಹರಳೆಣ್ಣೆ ಬಾಟಲಿಯನ್ನು ಒರೆಸಿ ಕಿಟಕಿಯ ಮೇಲೆ ಇಟ್ಟಾಗಿತ್ತು. ಪುಸ್ತಕ ತೋರಿಸಿದೆ. ಅವಳು ನೋಡಲೇ ಇಲ್ಲ.

"ಅಲ್ಲಾ ಕಣ್ರೀ, ಮೂರು ವಾರ ಕೆಳಗೆ ಮಲ್ಕೊಂಡು ಮಾಡ್ದೋರು ಅವ್ರು. ಅವ್ರು ಹೇಳ್ದಂಗೆ ಮಾಡಿ. ನಿಮ್ದೇನು ಹೋಗುತ್ತೆ?"

ನನ್ನದೇನು ಹೋಗುತ್ತೆ? ನನ್ನ ದೊಡ್ಡಸ್ತಿಕೆ ಹೋಗುತ್ತದೆ! ದಿನಾ ಲೈನಿನ ಆಳುಗಳಿಗೆ ಚಮಚದಲ್ಲಿ ಕುಡಿಸುವ ಭೇದಿ ಎಣ್ಣೆಯನ್ನು ದೊರೆಯ ಕಾರಿಗೆ ಹುಯ್ಯುವುದೇ? ಇನ್ನು ಸ್ಪಿರಿಟ್. ಸಾರಾಯಿ ಸಿಗದ ದಿನ ಸ್ಟವ್ ಹೊತ್ತಿಸುವ ಸ್ಪಿರಿಟನ್ನೇ ಕುಡಿದು ಬಿದ್ದವರನ್ನು ನಾನು ಲೈನಿನಲ್ಲಿ ಕಂಡಿದ್ದೇನೆ. ಒಂದು ಬಾಟಲಿ ಕೇಳಿದವನನ್ನು ಸುಮ್ಮನೆ ನಂಬುವುದು ಹೇಗೆ? ಸ್ಟೋರಿಗೆ ಹೋಗಿ ಹೊಸ ಡಬ್ಬಿ ಒಡೆದು, ಚಿನ್ನದ ಬಣ್ಣದ ಇಂಜಿನ್ ಎಣ್ಣೆ ತಂದು ನಾನೇ ತುಂಬಿಸಿದೆ. "ಬರುವುದು ಬೇಡ, ಕೆಲಸ ಮುಗಿಯಿತು" ಅಂತ ಬಾಬು ಮೇಸ್ತ್ರಿಗೆ ಚೀಟಿ ಕಳಿಸಿದೆ.

ಬ್ರೇಕ್ ಹಿಡಿಯಿತು. ಎಂಥಾ ಹಿಡಿತ ಅಂತೀರಿ! ಸೀತಮ್ಮನ ಎದುರು ಅಂಗಳದಲ್ಲಿ ನಾಲ್ಕು ಸಲ ನಿಲ್ಲಿಸಿ ತೋರಿಸಿದೆ. ಆ ಖುಷಿಯಲ್ಲೇ ಕೂತು ಅಂಕಣ ಬರೆದೆ.

ಅದನ್ನು ನೀವು ಓದಿದ್ದೀರಿ. "ಕಾರಿಗೆ ಹೊಟ್ಟೆ ಕಟ್ಟಿದೆಯೇ?" ಅಂತ ಶುರುವಾಗಿತ್ತು. ಹಸಿರು ಬೈರಾಸಿನ ಫಿಟ್ಟರೊಬ್ಬರು ನನ್ನ ಕಾರಿಗೆ ಭೇದಿ ಔಷಧ ಬರೆದುಕೊಟ್ಟ ಕಥೆ. ಹೆಸರು ಹಾಕಿರಲಿಲ್ಲ. (ಎಷ್ಟು ಸಜ್ಜನ ನಾನು!) ವಿರಾಜಪೇಟೆಯಲ್ಲಿ ಹಸಿರು ಬೈರಾಸಿನ ಫಿಟ್ಟರ್ ಎಷ್ಟು ಜನ ಇದ್ದಾರೆ? ಕೊನೆಯ ಸಾಲು ನಿಮಗೆಲ್ಲ ಬಾಯಿಪಾಠ ಆಗಿಹೋಯಿತು. "ಹರಳೆಣ್ಣೆ ಕಾರಿಗೆ, ಸ್ಪಿರಿಟ್ ಯಾರಿಗೆ?"

ಅಷ್ಟು ಮೆಚ್ಚುಗೆ ನನಗೆ ಯಾವ ಬರಹಕ್ಕೂ ಸಿಕ್ಕಿರಲಿಲ್ಲ. ಮಡಿಕೇರಿ ಕಚೇರಿಯ ಗುಮಾಸ್ತರು ಕಾಗದ ಬರೆದರು. ಭಾಗಮಂಡಲದ ಭಟ್ಟರೊಬ್ಬರು ಬಸ್ಸಿನಲ್ಲಿ ನನ್ನನ್ನು ಕಂಡು ಜನಿವಾರ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ.

ಈಗ ಮರ್ಯಾದೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಸ್ಪಿರಿಟ್ ಯಾತಕ್ಕೆ ಅಂತ ಬಾಬು ಮೇಸ್ತ್ರಿ ಹೇಳಿದ್ದನ್ನು ಮೊದಲ ಕರಡಿನಲ್ಲಿ ನಾನು ಬರೆದಿದ್ದೆ. ಎಣ್ಣೆಯನ್ನು ತೆಳು ಮಾಡಲಿಕ್ಕೆ ಅಂತ ಇಡೀ ವಾಕ್ಯ ಇತ್ತು. ಓದಿ ನೋಡಿದೆ. ಆ ವಾಕ್ಯ ಇದ್ದರೆ ಕೊನೆಯ ಸಾಲಿಗೆ ನಗು ಬರುವುದಿಲ್ಲ. ಪೆನ್ಸಿಲ್ ತೆಗೆದುಕೊಂಡು ಹೊಡೆದು ಹಾಕಿದೆ. ನಾಚಿಕೆಯಾಗಲಿಲ್ಲ. "ಈಗ ಸರಿಯಾಯಿತು" ಅಂದುಕೊಂಡೆ!

ಎರಡು ವಾರ ಕಳೆಯಿತು. ಕಾರು ಹತ್ತು ಮೈಲಿ ಓಡಿದರೆ ಚಕ್ರಗಳು ಮುಟ್ಟಲಾರದಷ್ಟು ಬಿಸಿಯಾಗತೊಡಗಿದವು. ಬ್ರೇಕ್ ಒತ್ತಿದರೆ ಹಿಡಿಯುತ್ತಿತ್ತು, ಬಿಟ್ಟರೆ ಬಿಡುತ್ತಿರಲಿಲ್ಲ. ಹೊಸದಲ್ಲವೇ, ಪಳಗಬೇಕು ಅಂದುಕೊಂಡೆ. ಆಮೇಲಿನದು ಗೊಬ್ಬರದ ಗುಡ್ಡೆ.

ಗಾಡಿಯ ಎತ್ತುಗಳನ್ನೇ ಕಟ್ಟಿ ಕಾರನ್ನು ಮನೆಗೆ ಎಳೆಸಿದೆ. ಸೋಮವಾರ ನಮ್ಮ ಸಣ್ಣ ದೊರೆ, ಎಸ್ಟೇಟಿನ ಅಸಿಸ್ಟೆಂಟ್ ಮ್ಯಾನೇಜರ್, ನೋಡಲು ಬಂದರು. ಹೊಸ ಹುರುಪಿನವರು, ಕಾರಿನ ಹುಚ್ಚು. ಶರ್ಟಿನ ತೋಳು ಮಡಚಿ ಒಂದು ಚಕ್ರ ಬಿಚ್ಚಿದರು. ಒಳಗಿನ ರಬ್ಬರ್ ಬಟ್ಟಲನ್ನು ನನ್ನ ಅಂಗೈಯಲ್ಲಿ ಇಟ್ಟರು. ಊದಿಕೊಂಡಿತ್ತು. ಹಿಸುಕಿದರೆ ಕೊಳೆತ ಹಣ್ಣಿನ ಹಾಗೆ ಕುಸಿಯಿತು. ಕೊಳವೆಗೆ ಬೆರಳು ಅದ್ದಿ ಮೂಸಿ ನೋಡಿದರು.

"ವಾಟ್ ಈಸ್ ದಿಸ್, ರೈಟರ್? ಇಂಜಿನ್ ಆಯಿಲ್? ಕ್ಯಾಸ್ಟರ್ ಹಾಕಬೇಕು ಮ್ಯಾನ್, ಕ್ಯಾಸ್ಟರ್! ಮಿನರಲ್ ಆಯಿಲ್ ರಬ್ಬರನ್ನು ತಿಂದು ಹಾಕ್ತದೆ. ಕ್ಯಾಸ್ಟರ್ ಅಂಡ್ ಸ್ಪಿರಿಟ್. ಇಷ್ಟೂ ಗೊತ್ತಿಲ್ಲವಾ?"

"ಯೆಸ್ ಸರ್" ಅಂದೆ. ತಲೆ ಅಲ್ಲಾಡಿಸಿದೆ. ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಳ್ಳಲೂ ಹೊರಟೆ. ಎರಡು ಅಕ್ಷರ ಬರೆದ ಮೇಲೆ ಕೈ ನಿಂತಿತು. ನಾನು ಬರೆದುಕೊಳ್ಳುತ್ತಿರುವುದು ಏನನ್ನು? ಹರಳೆಣ್ಣೆ ಮತ್ತು ಸ್ಪಿರಿಟ್. ಬಾಬು ಮೇಸ್ತ್ರಿ ಕನ್ನಡದಲ್ಲಿ ಹೇಳಿದಾಗ ಅದು ಭೇದಿ ಮದ್ದು. ದೊರೆ ಇಂಗ್ಲಿಷಿನಲ್ಲಿ ಹೇಳಿದಾಗ ಶಾಸ್ತ್ರ. ಕ್ಯಾಸ್ಟರ್ ಅಂದರೆ ಹರಳೆಣ್ಣೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಡಿಸ್ಪೆನ್ಸರಿಯ ಆ ಬಾಟಲಿಗೆ ಎರಡೂ ಹೆಸರನ್ನು ಬರೆದು ಚೀಟಿ ಅಂಟಿಸಿದವನು ನಾನೇ ಅಲ್ಲವೇ?

ಸೀತಮ್ಮ ಬಾಗಿಲಲ್ಲಿ ನಿಂತಿದ್ದಳು. ಬಾಟಲಿ ಇನ್ನೂ ಕಿಟಕಿಯ ಮೇಲೇ ಇತ್ತು.

ಮಂಗಳವಾರ ಬಸ್ಸು ಹತ್ತಿ ವಿರಾಜಪೇಟೆಗೆ ಹೋದೆ. ಹಲಸಿನ ಮರದ ಕೆಳಗೆ ಯಾರೂ ಇರಲಿಲ್ಲ. ಎದುರಿನ ಚಹಾದಂಗಡಿಯವನನ್ನು ಕೇಳಿದೆ. "ಯಾರು? ಹರಳೆಣ್ಣೆ ಮೇಸ್ತ್ರಿಯಾ?" ಅಂದ. ಅಂಗಡಿಯಲ್ಲಿದ್ದ ಮೂರು ಜನ ಒಟ್ಟಿಗೆ, "ಸ್ಪಿರಿಟ್ ಯಾರಿಗೆ?" ಅಂತ ಕೂಗಿ ನಕ್ಕರು. ಬರೆದವನು ಎದುರಿಗೇ ನಿಂತಿದ್ದಾನೆ ಅಂತ ಅವರಿಗೆ ಗೊತ್ತಿರಲಿಲ್ಲ. ನನ್ನ ಸಾಲು ನನ್ನ ಕಿವಿಗೆ ಅಷ್ಟು ಹೊಲಸಾಗಿ ಯಾವತ್ತೂ ಕೇಳಿರಲಿಲ್ಲ.

ಮನೆ ಹುಡುಕಿಕೊಂಡು ಹೋದೆ. ಬಾಬು ಮೇಸ್ತ್ರಿ ಜಗಲಿಯಲ್ಲಿ ಕೂತು ಒಂದು ಪಂಪ್ ಬಿಚ್ಚುತ್ತಿದ್ದರು. ಹೆಗಲ ಮೇಲೆ ಹಸಿರು ಬೈರಾಸು ಇರಲಿಲ್ಲ. ಅವರ ಹೆಂಡತಿ ಕಮಲಮ್ಮ ನನ್ನನ್ನು ಕಂಡವರೇ ಒಳಗೆ ಹೋದರು.

ಗೊಬ್ಬರದ ಗುಡ್ಡೆಯ ಸಂಗತಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿ ಅಂತ ಆಸೆಯೂ ಇತ್ತು.

"ಯಾರಿಗಾದ್ರೂ ಪೆಟ್ಟಾಯ್ತಾ?" ಅಂದರು.

"ಇಲ್ಲ."

"ಸೀತಮ್ಮನವ್ರಿಗೆ?"

"ಇಲ್ಲ."

"ಹಾಗಾದ್ರೆ ಆಯ್ತು" ಅಂದು ಮತ್ತೆ ಪಂಪಿಗೆ ಕೈ ಹಾಕಿದರು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ತಪ್ಪಾಯಿತು ಅಂದೆ. ಹೊಡೆದು ಹಾಕಿದ ವಾಕ್ಯದ ವಿಷಯವನ್ನೂ ಹೇಳಿಬಿಟ್ಟೆ. ಆಗ ಅವರ ಕೈ ನಿಂತಿತು.

"ನನಗೆ ಕನ್ನಡ ಓದ್ಲಿಕ್ಕೆ ಬರೂದಿಲ್ಲ ರೈಟ್ರೆ. ಇವ್ಳು ಮಿಷನ್ ಶಾಲೆಗೆ ಹೋದವ್ಳು. ವಾರ ವಾರ ನಿಮ್ಮದನ್ನು ಇವ್ಳೇ ಓದಿ ಹೇಳುದು. ಅದಕ್ಕೇ ಪೇಪರ್ ತರಿಸ್ತಿದ್ದದ್ದು ನಾವು." ಪಂಪನ್ನು ಪಕ್ಕಕ್ಕಿಟ್ಟರು. "ಆ ವಾರ ಸುರುವಿಂದ್ಲೇ ನಗ್ತಾ ಇದ್ಳು. ಕಾರಿಗೆ ಹೊಟ್ಟೆ ಕಟ್ಟಿದೆ ಅಂತ ಓದಿ ಇಬ್ರೂ ನಕ್ಕೆವು. ಮತ್ತೆ ಹಸಿರು ಬೈರಾಸು ಅಂತ ಬಂತು. ಅಲ್ಲಿಗೆ ನಿಲ್ಲಿಸಿದ್ಳು. ಮುಂದೆ ಓದು ಅಂದೆ. ಓದ್ಲಿಲ್ಲ. ಉಳಿದದ್ದು ಪೇಟೆಯವ್ರು ಹೇಳಿದ್ರು ನನಗೆ."

ಇನ್ನೂ ಇತ್ತು. ಊರಿನ ಬಸ್ಸಿನ ಸಾಹುಕಾರರು ತಮ್ಮ ಶೆಡ್ಡಿಗೆ ಬಾಬು ಮೇಸ್ತ್ರಿಯನ್ನು ಹೆಡ್ ಫಿಟ್ಟರ್ ಮಾಡುವುದಾಗಿ ಮಾತು ಕೊಟ್ಟಿದ್ದರಂತೆ. ಮರದ ಕೆಳಗಿನಿಂದ ಸೂರಿನ ಕೆಳಗೆ ಹೋಗುವ ಕೆಲಸ. ಸಾಹುಕಾರರು ಖಾದಿಯವರು, ಸಾರಾಯಿ ಅಂಗಡಿಯ ಎದುರು ಧರಣಿ ಕೂತವರು. ಕುಡುಕ ಅಂದರೆ ಆಗದು. ಪತ್ರಿಕೆ ಬಂದ ಮರುದಿನವೇ, ಬರುವುದು ಬೇಡ ಅಂತ ಹೇಳಿ ಕಳಿಸಿದರಂತೆ.

"ನಾನು ಒಂದು ದಿನವೂ ಕುಡ್ದವ ಅಲ್ಲ ಮಾರಾಯ್ರೆ" ಅಂದರು ಬಾಬು ಮೇಸ್ತ್ರಿ. ಸಿಟ್ಟಿನಲ್ಲಿ ಹೇಳಲಿಲ್ಲ. ನನ್ನನ್ನು ನಂಬಿಸಬೇಕು ಅನ್ನುವ ಹಾಗೆ ಹೇಳಿದರು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಈ ವಾರವೇ ಬರೆಯುತ್ತೇನೆ. ಎಲ್ಲವನ್ನೂ ಬರೆಯುತ್ತೇನೆ" ಅಂದೆ.

"ಬೇಡ. ನೀವು ಬರೆದ್ರೆ ತಮಾಷೆ ಆಗ್ತದೆ. ಸಾವ್ಕಾರ್ರ ಹತ್ರ ಹೋಗಿ ಬಾಯಲ್ಲಿ ಹೇಳಿ, ಆಗ್ತದಾದ್ರೆ."

ಎದ್ದು ನೇರ ಸಾಹುಕಾರರ ಮನೆಗೆ ಹೋದೆ. ಕೂರಿಸಿದರು, ಕಾಫಿ ಕೊಟ್ಟರು. ಎಲ್ಲ ಕೇಳಿದ ಮೇಲೆ ಮೀಸೆ ತೀಡಿಕೊಂಡರು.

"ಈಗ ಹೇಳಿದ್ರೆ ಏನು ಮಾಡೋದು ರೈಟ್ರೇ? ಮೈಸೂರಿಂದ ಒಬ್ಬರನ್ನ ಕರೆಸಿ ಆಯ್ತು. ಹೆಂಡತಿ ಮಕ್ಕಳ ಸಮೇತ ಬಂದಿದ್ದಾರೆ, ವಾಪಸ್ ಕಳಿಸೋಕಾಗುತ್ತಾ?"

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳೋದೇನು? ಅಚ್ಚಾಗಿತ್ತಲ್ಲ!" ಅಂದರು. ನಾನು ಆ ಇಂಗ್ಲಿಷ್ ಪುಸ್ತಕವನ್ನು ನಂಬಿದ ಹಾಗೆಯೇ ಅವರು ನನ್ನನ್ನು ನಂಬಿದ್ದರು. ಎದ್ದು ಹೊರಡುವಾಗ ಬೆನ್ನು ತಟ್ಟಿ, "ಆದ್ರೂ ಆ ಕೊನೇ ಸಾಲು ಮಾತ್ರ ಭಾರಿ ಚೆನ್ನಾಗಿತ್ತು ಬಿಡಿ" ಅಂತ ಮತ್ತೊಮ್ಮೆ ನಕ್ಕರು.

ಬಸ್ಸಿನಲ್ಲಿ ಕೂತು ಬರುವಾಗ ಎಣಿಸಿದೆ. ಈ ಪುಟದಲ್ಲಿ ಇದುವರೆಗೆ ಯಾರು ಯಾರನ್ನು ನಗೆಗೆ ಇಟ್ಟಿದ್ದೇನೆ? ಅಂಚೆಯವನ ತೊದಲು. ಲೈನಿನ ಮುದುಕಿಯ ಗೊಣಗು. ಸೀತಮ್ಮನ ಅಡಿಗೆ, ಎಷ್ಟು ಸಲವೋ! ಅವರೆಲ್ಲ ಹೇಳಿದ್ದ ಎಷ್ಟು ವಾಕ್ಯಗಳನ್ನು ಪೆನ್ಸಿಲಿನಲ್ಲಿ ಹೊಡೆದಿದ್ದೇನೋ. ನಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಕ್ಕರೆ ಊರು ಹಗುರಾಗುತ್ತದೆ. ಆದರೆ ನಾವು ಯಾರನ್ನು ಹಿಡಿದು ನಗುತ್ತೇವೆ ಗಮನಿಸಿದ್ದೀರಾ? ದೊರೆ ತಪ್ಪು ಕನ್ನಡ ಆಡಿದರೆ ನಮಗೆ ಮುದ್ದು. ಫಿಟ್ಟರ್ ಸರಿಯಾದ ಮಾತು ಹೇಳಿದರೂ ನಮಗೆ ತಮಾಷೆ.

ಬಾಬು ಮೇಸ್ತ್ರಿ ಬೇಡ ಅಂದ ಮೇಲೂ ಇದನ್ನು ಯಾಕೆ ಬರೆದೆ? ಅವರ ಹೆಸರನ್ನು ಈ ಸಲ ಪೂರ್ತಿ ಹಾಕಬೇಕಿತ್ತು, ಅದಕ್ಕೆ. ಇವರು ಹೇಳಿದ್ದು ಸರಿ, ನಾನು ಮಾಡಿದ್ದು ತಪ್ಪು, ಇವರು ಕುಡಿಯುವವರಲ್ಲ ಅನ್ನುವುದೂ ಅಚ್ಚಾಗಬೇಕಿತ್ತು. ಅಚ್ಚಾದದ್ದನ್ನು ಮಾತ್ರ ನಂಬುವವರು ನಮ್ಮಲ್ಲಿ ಬಹಳ ಜನ. ಈ ಬರಹದಲ್ಲಿ ಒಂದು ವಾಕ್ಯವನ್ನೂ ಹೊಡೆದಿಲ್ಲ. ಸೀತಮ್ಮ ಪಕ್ಕದಲ್ಲೇ ಕೂತು ನೋಡಿದ್ದಾಳೆ. ಪೆನ್ಸಿಲ್ ಅವಳ ಹತ್ತಿರ ಇದೆ.

ಆದರೆ ಓದಬೇಕಾದ ಆ ಇಬ್ಬರು ಇದನ್ನು ಓದುವುದಿಲ್ಲ. ಅವರ ಮನೆಗೆ ಈಗ ಪತ್ರಿಕೆ ಬರುವುದಿಲ್ಲ. ಕಮಲಮ್ಮ ನಿಲ್ಲಿಸಿದ್ದಾರೆ.

ಈ ಭಾನುವಾರ ಒಂದು ಪ್ರತಿ ಹಿಡಿದುಕೊಂಡು ನಾನೇ ಹೋಗುತ್ತೇನೆ. ಬಸ್ಸಿನಲ್ಲಿ. ಆ ಜಗಲಿಯಲ್ಲಿ ನಿಂತು ಮೊದಲಿನಿಂದ ಗಟ್ಟಿಯಾಗಿ ಓದುತ್ತೇನೆ. ಕಾರು ನಿಲ್ಲದೆ ಗೊಬ್ಬರಕ್ಕೆ ನುಗ್ಗಿದ್ದು, ಕಿತ್ತಳೆ ಉರುಳಿದ್ದು, ಎಲ್ಲ.

ಕಮಲಮ್ಮ ಎಷ್ಟನೇ ಸಾಲಿನ ತನಕ ಕೇಳಿಯಾರು?